ನೀರು ಕೇಳಬೇಕಾದ ಮನೆ

ಸುಶೀಲಕ್ಕನ ಶೆಡ್ಡಿಗೆ ನಾನು ಮೂರು ಶನಿವಾರ ಹೋಗಲಿಲ್ಲ. ಹೋಗುವುದು ನನ್ನ ಕೆಲಸವಾಗಿತ್ತು. ಹೋಗಿದ್ದೆ ಎಂದು ನನ್ನ ಒಡಹುಟ್ಟಿದ ಅಕ್ಕನಿಗೆ ಹೇಳಿದೆ. ಆಮೇಲೆ ಅಕ್ಕ ತುಂಬಿದ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಆ ತಪ್ಪು ತನ್ನದು ಎಂದಾಗ ನಾನು ಅವಳ ಹಿಂದಿನ ಚಾಪೆಯ ಮೇಲೆ ಕೂತಿದ್ದೆ, ಬಾಯಿ ತೆರೆಯಲಿಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ. ಮನೆಯ ಕಥೆ, ಅಪ್ಪ ಅವ್ವನ ಕಥೆ ಹೇಳುತ್ತ ಹೋದರೆ ನಡುವೆ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ ಎಂಬ ಭಯ ನನಗಿದೆ. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ತೆಲುಗು ಶಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ಕಲಿಸಿದವಳು ಅಕ್ಕ. ಅವಳಿಗೆ ನಾನು ಮಾಡಿದ್ದನ್ನು ಅವಳು ಕೊಟ್ಟ ಅಕ್ಷರದಲ್ಲೇ ಬರೆಯಬೇಕಾಗಿದೆ.

ನಮ್ಮ ಊರು ರಾಯಚೂರು ಜಿಲ್ಲೆಯ ಮಾನ್ವಿ ಕಡೆ. ಆದರೆ ನನಗೆ ಮನೆ ಎಂದರೆ ನೆನಪಾಗುವುದು ತೆಲುಗು ನಾಡಿನ ಮಹಾನಗರದ ಅಂಚಿನಲ್ಲಿ, ಲಿಂಗಂಪಲ್ಲಿ ಸ್ಟೇಷನ್ನಿನಿಂದ ಆಚೆ, ಬಂಡೆಗಳನ್ನು ಒಡೆದು ಸಪಾಟು ಮಾಡಿದ ಜಾಗದಲ್ಲಿದ್ದ ತಗಡಿನ ಶೆಡ್ಡು. ಆಗ ಅಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಒಳಗೆ ಕಂಪ್ಯೂಟರ್ ಕೆಲಸ ನಡೆಯುತ್ತದಂತೆ ಎಂದು ಎಲ್ಲರೂ ಹೇಳುತ್ತಿದ್ದರು, ಅದೇನು ಕೆಲಸ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಗೌಂಡಿ, ಗಾರೆ ಕೆಲಸದವ. ಅವ್ವ ಅವನ ಕೈಕೆಳಗೆ ಬುಟ್ಟಿ ಹೊರುತ್ತಿದ್ದಳು. ಕೆಲಸದವರಿಗಾಗಿ ಎರಡು ಸಾಲು ಶೆಡ್ಡು ಹಾಕಿದ್ದರು. ನಡುವೆ ಒಂದು ಮೋರಿ. ಕಾಂಕ್ರೀಟ್ ಲಾರಿಗಳನ್ನು ತೊಳೆದ ಬೂದಿ ಬಣ್ಣದ ನೀರೆಲ್ಲ ಅದರಲ್ಲಿ ಬಂದು ನಿಲ್ಲುತ್ತಿತ್ತು. ದಾಟಲು ಒಂದು ಹಲಗೆ ಹಾಕಿದ್ದರು, ಕಾಲಿಟ್ಟರೆ ಅದು ಅರ್ಧ ಮುಳುಗುತ್ತಿತ್ತು. ನಮ್ಮ ಶೆಡ್ಡು ಈಚೆ ಸಾಲಿನಲ್ಲಿ. ಒಂದೇ ಕೋಣೆ. ಕೆಲಸದಲ್ಲಿ ಮಿಕ್ಕ ಕಾಂಕ್ರೀಟನ್ನು ಅಪ್ಪ ದಿನಕ್ಕೆ ಒಂದು ಬುಟ್ಟಿಯಂತೆ ತಂದು ನೆಲಕ್ಕೆ ಹಾಕಿದ್ದರಿಂದ ನೆಲ ಒಂದೊಂದು ಕಡೆ ಒಂದೊಂದು ಎತ್ತರ. ಅವ್ವ ರೊಟ್ಟಿ ಬಡಿಯುತ್ತಿದ್ದುದು ಯಾವುದೋ ಕಂಪನಿಯ ಮುಂಬಾಗಿಲಿಗೆ ಕತ್ತರಿಸಿ ಉಳಿದ ಕರೀ ಗ್ರಾನೈಟ್ ತುಂಡಿನ ಮೇಲೆ. ಅದರಲ್ಲಿ ನಮ್ಮ ಮುಖ ಕಾಣುತ್ತಿತ್ತು. ಇಲಿಗಳ ಕಾಟ ಇದ್ದುದರಿಂದ ಸತ್ಯವೇದವನ್ನು, ಅಂದರೆ ನಮ್ಮ ಬೈಬಲ್ಲನ್ನು, ಅಪ್ಪ ಒಂದು ಹಳದಿ ಹೆಲ್ಮೆಟ್ಟಿನಲ್ಲಿಟ್ಟು, ಅದರ ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿ ಗೋಡೆಗೆ ತೂಗುಹಾಕಿದ್ದ.

ದಿನಾ ಸಂಜೆ ಸ್ನಾನ ಆದ ಮೇಲೆ ಆ ಹೆಲ್ಮೆಟ್ಟು ಕೆಳಗಿಳಿಯುತ್ತಿತ್ತು. ಅಕ್ಕ ಒಂದು ಭಾಗ ಓದುತ್ತಿದ್ದಳು, ಅಪ್ಪ ಪ್ರಾರ್ಥನೆ ಮಾಡುತ್ತಿದ್ದ. ಅಪ್ಪನ ಪ್ರಾರ್ಥನೆಗೆ ಒಂದು ದಾರಿ ಇತ್ತು. ಊರಲ್ಲಿರುವ ಅಜ್ಜಿಯಿಂದ ಹೊರಟು, ಮಳೆ, ಬೆಳೆ, ಸಭೆಯ ಪಾದ್ರಿ ಅಯ್ಯಗಾರು, ಆಮೇಲೆ ಕೆಲಸದ ಮೇಸ್ತ್ರಿ. ಮೇಸ್ತ್ರಿಯ ಹತ್ತಿರ ಬರುವ ಹೊತ್ತಿಗೆ ಅಪ್ಪನಿಗೆ ನಿದ್ದೆ ಬಂದುಬಿಡುತ್ತಿತ್ತು. ಇಡೀ ದಿನ ಸಾರವೆಯ ಮೇಲೆ ನಿಂತ ಮನುಷ್ಯ, ಮೊಣಕಾಲೂರಿದ ಹಾಗೆಯೇ ತೂಕಡಿಸುತ್ತಿದ್ದ. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಆಗ ಅಕ್ಕ, ಆ ಅರ್ಧ ಮಾತನ್ನು ಬಿಟ್ಟ ಕಡೆಯಿಂದಲೇ ಹಿಡಿದು, ಅಪ್ಪನ ಧಾಟಿಯಲ್ಲೇ ಮುಂದುವರಿಸಿ ಮುಗಿಸುತ್ತಿದ್ದಳು. ಆಮೆನ್ ಎಂಬ ಸದ್ದಿಗೆ ಅಪ್ಪ ಎಚ್ಚರಾಗಿ ತಾನೂ ಆಮೆನ್ ಅನ್ನುತ್ತಿದ್ದ. ತಾನು ನಿದ್ದೆ ಹೋದದ್ದು ಅವನಿಗೆ ಗೊತ್ತಾಗದಂತೆ ಅವಳು ನೋಡಿಕೊಳ್ಳುತ್ತಿದ್ದಳು. ಅವ್ವ ಮಾತ್ರ ಬಿಡುತ್ತಿರಲಿಲ್ಲ.

"ಮೇಸ್ತ್ರಿಗೆ ಒಳ್ಳೆ ಬುದ್ಧಿ ಕೊಡು ಅನ್ನೂ ಹೊತ್ತಿಗೆ ನಿಮ್ಮಪ್ಪಗ ನಿದ್ದಿ. ಅದಕ್ಕ ಆ ಮನಷ್ಯಾ ಸುಧಾರಿಸವಲ್ಲ."

"ನಾ ಎಲ್ಲಿ ಮಲಗೀನಿ? ಕಣ್ಣು ಮುಚ್ಚಿದ್ದೆ ಅಷ್ಟ. ಪ್ರಾರ್ಥನಾದಾಗ ಕಣ್ಣು ತೆಗಿಬೇಕೇನು?"

"ಗೊರಕಿ ಹೊಡಿಬೇಕಂತ ಎಲ್ಲಿ ಬರದೈತಿ, ಅದನ್ನರ ತೋರಸ್ರಿ."

ಅಕ್ಕನ ಹೆಸರು ಎಸ್ತೇರ. ನನಗಿಂತ ಐದು ವರ್ಷ ದೊಡ್ಡವಳು. ಊರಲ್ಲಿ ಏಳನೇ ಇಯತ್ತೆ ಮುಗಿಸಿ ಬಂದಿದ್ದಳು. ನನಗೆ ಇಟ್ಟಿಗೆ ಚೂರಿನಿಂದ ತಗಡಿನ ಮೇಲೆ ಅಕ್ಷರ ಬರೆದು ತೋರಿಸುತ್ತಿದ್ದಳು. ನನ್ನ ಹೆಸರು ದಾವೀದ, ಮನೆಯಲ್ಲಿ ದಾವ್ಯಾ. ಮೊದಲು ಬರೆಯಲು ಕಲಿತದ್ದು ಅದನ್ನೇ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು ಮುಟ್ಟಿದರೆ ಸುಡುತ್ತಿತ್ತು, ಆದ್ದರಿಂದ ಪಾಠ ಯಾವಾಗಲೂ ಬೆಳಿಗ್ಗೆ, ಅವಳು ಒಲೆ ಹಚ್ಚುವ ಹೊತ್ತಿಗೆ.

ನಮ್ಮ ಸಭೆಯ ಕನ್ನಡದವರಲ್ಲಿ ಹಿಡಿ ಅಕ್ಕಿಯ ಪದ್ಧತಿ ಇತ್ತು. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಮನೆಯ ಹೆಂಗಸು ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಹಾಕುವಾಗ ಯಾರಾದರೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡಬೇಕು. ಶನಿವಾರ ಒಬ್ಬರು ಚೀಲ ಹಿಡಿದು ಮನೆ ಮನೆಗೆ ಹೋಗಿ ಡಬ್ಬಿಗಳನ್ನು ಚೀಲಕ್ಕೆ ಸುರುವಿಸಿಕೊಂಡು ಬರಬೇಕು. ಭಾನುವಾರ ಆ ಚೀಲವನ್ನು ಸಭೆಯಲ್ಲಿ ಪೀಠದ ಮುಂದೆ ಇಟ್ಟು, ಆರಾಧನೆ ಮುಗಿದ ಮೇಲೆ ಯಾರ ಮನೆಯಲ್ಲಿ ಒಲೆ ಹತ್ತಿಲ್ಲವೋ ಅವರಿಗೆ ಕೊಡುತ್ತಿದ್ದರು. ನಮ್ಮ ಎರಡು ಸಾಲಿನ ಚೀಲ ಅಕ್ಕನ ಕೈಯಲ್ಲಿತ್ತು. ಅವಳು ಹದಿನೈದು ವರ್ಷದವಳಿದ್ದಾಗ ಕೊಟ್ಟದ್ದು. ಹಿರಿಯರು ದೊಡ್ಡ ಯೋಚನೆ ಮಾಡಿ ಕೊಟ್ಟದ್ದೇನಲ್ಲ, ಬೇರೆ ಯಾರಿಗೂ ಪುರುಸೊತ್ತು ಇರಲಿಲ್ಲ.

ನಾನು ಅವಳ ಹಿಂದೆ ಹೋಗುತ್ತಿದ್ದೆ. ಹದಿನೆಂಟು ಮನೆಗೆ ಅವಳಿಗೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ಒಂದು ಕಡೆ ಕೂಸನ್ನು ಎತ್ತಿಕೊಳ್ಳುವಳು, ಇನ್ನೊಂದು ಕಡೆ ತೊಳೆಯದೆ ಬಿದ್ದ ಪಾತ್ರೆಗೆ ಕೈ ಹಾಕುವಳು. ಕುಡಿದು ಮಲಗಿದ ಗಂಡಸಿದ್ದರೆ ಅವನ ಚಪ್ಪಲಿಯನ್ನು ಜೋಡಿಸಿಟ್ಟು ಬರುವಳು. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡ ಎಂದರೆ ಆಗಲಿ ಎನ್ನುವಳು. ಕೆಲವು ಮನೆಗಳಲ್ಲಿ ಡಬ್ಬಿ ಖಾಲಿ ಇರುತ್ತಿತ್ತು. ಅಂಥ ಮನೆಯಲ್ಲಿ ಅವಳು ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಾಗಿಲಲ್ಲೇ ಕೂತು, ಕುಡಿಯಲು ನೀರು ಕೇಳುತ್ತಿದ್ದಳು. ಗಂಟಲು ಒಣಗಿದವಳಂತೆ ಪೂರ್ತಿ ಲೋಟ ಕುಡಿಯುವಳು. ಒಂದೇ ಮಧ್ಯಾಹ್ನ ನಾಲ್ಕು ಮನೆಯಲ್ಲಿ ನೀರು ಕುಡಿದದ್ದನ್ನು ನೋಡಿ ನಾನು ನಕ್ಕಿದ್ದೆ.

"ಹೊಟ್ಟ್ಯಾಗ ಟ್ಯಾಂಕರ್ ಇಟಗೊಂಡೀಯೇನ ಅಕ್ಕಾ?"

"ನಗತಿ ಯಾಕ? ಅಕ್ಕಿ ಇಲ್ಲದ ಮನಿ ಮುಂದ ಚೀಲ ಹಿಡಕೊಂಡು ನಿಂತ್ರ ಅವ್ರಿಗೆ ನಾಚಿಕಿ. ನಿಲ್ಲದ ಹೋದ್ರ ಇನ್ನೂ ನಾಚಿಕಿ. ನೀರು ಕೇಳಿದ್ರ ಅವ್ರೂ ಕೊಟ್ಟಂಗ ಆತು. ಕುಡಿಯೂತನಕ ಕುಂದರಬೇಕಾಗತೈತಿ. ಕುಂತ್ರ ಮಾತ ಬರತಾವು."

ಸಭೆಯ ಹಿರಿಯರೊಬ್ಬರ ಹೆಂಡತಿ ತಾರಮ್ಮ ಎಂಬವಳು ನಮ್ಮ ಸಾಲಿನಲ್ಲೇ ಇದ್ದಳು. ಅವಳಿಗೆ ಅಕ್ಕನ ಈ ನಿಧಾನ ಸೇರುತ್ತಿರಲಿಲ್ಲ. ಟ್ಯಾಂಕರ್ ಬಂದಾಗ ತಾರಮ್ಮ ತನ್ನ ಮೂರು ಕೊಡಗಳನ್ನು ಮುಂದೆ ನೂಕುವಳು, ಹೆಂಗಸರು ಕೂಗಾಡುವರು. ಅಕ್ಕ ತನ್ನ ಕೊಡವನ್ನು ಎತ್ತಿ ಸಾಲಿನ ಕೊನೆಗೆ ಇಟ್ಟುಬಿಡುವಳು. ಒಂದಿಬ್ಬರು ಸುಮ್ಮನಾಗುವರು. ಅವ್ವನಿಗೆ ಮಾತ್ರ ಮೈ ಉರಿಯುತ್ತಿತ್ತು. "ನಿನ್ನ ಒಳ್ಳೆತನಕ್ಕ ನಮ್ಮ ಮನ್ಯಾಗ ಸಾರಿಗೆ ನೀರಿಲ್ಲ" ಎಂದು ಬೈಯುವಳು. ಮನೆಯಲ್ಲಿ ನಡೆದ ಜಗಳಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಅಕ್ಕ ಯಾರಿಗೋ ಕೊಟ್ಟ ಎಣ್ಣೆ, ಯಾರದೋ ಕೂಸಿಗೆ ಹರಿದ ಅವ್ವನ ಸೀರೆ.

ಅಪ್ಪ ಗಾರೆ ಮಾಡಿದ ಒಂದು ಕಟ್ಟಡ ಮುಗಿದು, ಕಂಪನಿಯವರು ಒಳಗೆ ಬಂದರು. ಅಲ್ಲಿ ನೆಲ ಒರೆಸಲು, ಬಾತ್‌ರೂಮ್ ತೊಳೆಯಲು ಹುಡುಗಿಯರು ಬೇಕಾಗಿದ್ದರು. ಅಕ್ಕ ಸೇರಿದಳು. ನೀಲಿ ಬಣ್ಣದ ಸಮವಸ್ತ್ರ, ಕೊರಳಲ್ಲಿ ಫೋಟೊ ಇದ್ದ ಪಟ್ಟಿ. ಅಪ್ಪನಿಗೆ ಬಹಳ ಹೆಮ್ಮೆ. ತಾನು ಕಟ್ಟಿದ ಮೇಲೆ ತನಗೇ ಪ್ರವೇಶವಿಲ್ಲದ ಜಾಗಕ್ಕೆ ಮಗಳು ದಿನಾ ಹೋಗುತ್ತಾಳೆ ಎಂದು ಎಲ್ಲರಿಗೂ ಹೇಳಿದ. ಆದರೆ ಮೊದಲ ಒಂದು ತಿಂಗಳು ರಜೆ ಇಲ್ಲ, ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ ಎಂದಿದ್ದರು. ಬೆಳಕು ಹರಿಯುವಾಗ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವಳು. ಭಾನುವಾರ ಸಭೆ ತಪ್ಪುತ್ತದೆ ಎಂದು ಅವ್ವ ಎರಡು ದಿನ ಮಾತು ಬಿಟ್ಟಳು. ಅಕ್ಕ ಚೀಲವನ್ನು ನನ್ನ ಮುಂದಿಟ್ಟಳು. ಅದು ಮೈದಾ ಹಿಟ್ಟಿನ ಬಿಳಿ ಚೀಲ, ಬಾಯಿಗೆ ಅವಳೇ ಕೆಂಪು ದಾರದಿಂದ ಹೊಲಿಗೆ ಹಾಕಿದ್ದಳು. ನನಗೆ ಆಗ ಹದಿನಾಲ್ಕು ವರ್ಷ.

"ಇನ್ನ ಇದು ನಿಂದು. ಅಕ್ಕಿ ಭಾಳ ಬಂತು ಕಡಿಮಿ ಬಂತು ಅಂತ ನೋಡಬ್ಯಾಡ. ಯಾವ ಮನ್ಯಾಗ ಇಲ್ಲೋ ಅಲ್ಲಿ ಭಾಳೊತ್ತು ನಿಂದ್ರು. ತಿಳೀತಿಲ್ಲೋ?"

"ತಿಳೀತ ಬಿಡು. ನಾ ಏನ ಸಣ್ಣಾಂವ?"

"ಸುಶೀಲಾನ ಮನಿ ಮಾತ್ರ ಬಿಡಬ್ಯಾಡ. ಆಕಡೆ ಸಾಲಿನಾಗ ಆಕಿ ಒಬ್ಬಾಕೀನ ಅದಾಳ."

ಮೋರಿಯ ಆಚೆ ಸಾಲಿನವರಲ್ಲಿ ಬಹುತೇಕ ಎಲ್ಲರೂ ಆಗ ಶಂಶಾಬಾದಿನಲ್ಲಿ ವಿಮಾನ ನಿಲ್ದಾಣದ ಕೆಲಸ ಹತ್ತಿ ಅಲ್ಲಿಗೆ ಹೋಗಿಬಿಟ್ಟಿದ್ದರು. ಶೆಡ್ಡುಗಳು ಖಾಲಿ. ಕೊನೆಯದರಲ್ಲಿ ಸುಶೀಲಕ್ಕ ಉಳಿದಿದ್ದಳು. ಹೆಣ್ಣು ಕೂಸು ಹೆತ್ತು ಹತ್ತು ದಿನವೂ ಆಗಿರಲಿಲ್ಲ. ಗಂಡ ಯೋಹಾನ ಗುಂಪಿನ ಜೊತೆ ಹೋಗಿದ್ದ, ಅಲ್ಲಿ ಶೆಡ್ಡು ಸಿಕ್ಕ ಕೂಡಲೇ ಬಂದು ಕರೆದೊಯ್ಯುತ್ತೇನೆ ಎಂದಿದ್ದ. ಬಾಣಂತಿ ನಲವತ್ತು ದಿನ ಹೊರಗೆ ಬರುವುದಿಲ್ಲ. ಆದ್ದರಿಂದ ಅವಳು ಸಭೆಗೆ ಬಾರದಿದ್ದರೂ ಯಾರೂ ಏನೂ ಅಂದುಕೊಳ್ಳುವಂತಿರಲಿಲ್ಲ.

ಅಕ್ಕ ಸೇರಿದ ವಾರವೇ ನನಗೆ ಒಂದು ಜೊತೆ ಬಿಳಿ ಬೂಟು ತಂದುಕೊಟ್ಟಳು. ಸೂಪರ್‌ವೈಜರ್ ಹತ್ತಿರ ಮುಂಗಡ ಕೇಳಿ ತಂದಳಂತೆ. ನನ್ನ ಕಾಲಿಗೆ ಅದುವರೆಗೆ ಬೂಟು ಬಿದ್ದಿರಲಿಲ್ಲ. ಬರಿಗಾಲಲ್ಲಿ ಚೀಲ ಹಿಡಿದು ಹೋದರೆ ಭಿಕ್ಷೆಯವನಂತೆ ಕಾಣುತ್ತೇನೆ ಎಂದು ನಾನೇ ಗೊಣಗಿದ್ದೆ. ಮೊದಲ ಶನಿವಾರ ಆ ಬೂಟು ಹಾಕಿಕೊಂಡೇ ಹೋದೆ. ಈಚೆ ಸಾಲು ಮುಗಿಸಿ ಹಲಗೆ ದಾಟುವಾಗ ಹಲಗೆ ಮುಳುಗಿತು. ಬೂದಿ ಕೆಸರು ಬೂಟಿನ ಒಳಗೆ ಹೋಯಿತು. ಸುಶೀಲಕ್ಕನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಎದ್ದು ಬಾರದೆ ಅವಳು, "ಈ ವಾರ ಇಲ್ಲಪ್ಪಾ ತಮ್ಮಾ" ಅಂದಳು. ನಾನು ನೀರು ಕೇಳಲಿಲ್ಲ. "ಆಗಲಿ" ಎಂದು ತಿರುಗಿ ಬಂದೆ. ಸಂಜೆವರೆಗೆ ಬೂಟು ತಿಕ್ಕಿದರೂ ಸಿಮೆಂಟಿನ ಕಲೆ ಪೂರ್ತಿ ಹೋಗಲಿಲ್ಲ.

ಮುಂದಿನ ಶನಿವಾರ ನಾನು ಮೋರಿಯ ಈಚೆ ದಂಡೆಯಲ್ಲಿ ನಿಂತು "ಹಿಡಿ ಅಕ್ಕಿರೀ" ಎಂದು ಒಂದು ಸಲ ಕೂಗಿದೆ. ಯಾರೂ ಹೊರಗೆ ಬರಲಿಲ್ಲ. ಹೋದ ವಾರ ಇಲ್ಲ ಎಂದವಳ ಹತ್ತಿರ ಈ ವಾರ ಎಲ್ಲಿಂದ ಬಂದೀತು, ಹೋಗಿ ನಿಂತರೆ ಅವಳಿಗೇ ನಾಚಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಹೇಳಿದ್ದ ಮಾತಿನಲ್ಲಿ ಅರ್ಧವನ್ನು ಇಟ್ಟುಕೊಂಡೆ. ಅದರ ಮುಂದಿನ ಶನಿವಾರವೂ ಕೂಗಿದೆ. ಅದರಾಚೆಯ ಶನಿವಾರವೂ ಕೂಗಿದೆ, ಹೀಗೆ ಮೂರು ಶನಿವಾರ. ಚೀಲವೇನೋ ತುಂಬುತ್ತಿತ್ತು. ಭಾನುವಾರ ಸಭೆಯಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಪೀಠದವರೆಗೆ ನಡೆದು ಹೋಗುವಾಗ ಎಲ್ಲರೂ ನೋಡುತ್ತಿದ್ದರು. "ಅಕ್ಕಗಿಂತ ತಮ್ಮ ಚುರುಕದಾನ, ಎರಡು ತಾಸಿನ್ಯಾಗ ಮುಗಿಸತಾನ" ಎಂದು ತಾರಮ್ಮ ನನ್ನ ಬೆನ್ನು ತಟ್ಟಿದಳು. ಮೊದಮೊದಲು ಒಂದು ಸಲ, ನೀರಿಗೆ ಬೇರೆ ಯಾರೂ ಇಲ್ಲದೆ ಟ್ಯಾಂಕರ್ ಹತ್ತಿರ ಬಂದಿದ್ದ ಸುಶೀಲಕ್ಕನನ್ನು ಅವ್ವ ಕಂಡು, ಮುಖ ಬಿಳುಚಿದೆ ಎಂದುಕೊಂಡು, ಬಾಣಂತಿಯಲ್ಲವೇ ಎಂದು ಸುಮ್ಮನಾಗಿದ್ದಳಂತೆ. ಅಕ್ಕ ಪ್ರತಿ ಶನಿವಾರ ಕೆಲಸದಿಂದ ಬಂದು, ಕಾಲು ನೀಡಿ ಕೂತು ಕೇಳುತ್ತಿದ್ದಳು.

"ಸುಶೀಲಾನ ಮನಿಗೆ ಹೋಗಿದ್ದಿ?"

"ಹೋಗಿದ್ದೆ."

"ಹೆಂಗದಾಳ? ಕೂಸು?"

"ಚೊಲೋ ಅದಾರ."

"ನೀರು ಕುಡದಿ?"

"ಕುಡದೆ."

ಆ ಮೂರನೆಯ ಶನಿವಾರ ಅವಳು ಬಾಗಿಲ ಬಳಿ ಇದ್ದ ನನ್ನ ಬೂಟುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಸುಣ್ಣ ಹಚ್ಚಿ ಬಿಳಿ ಮಾಡಿದ್ದೆ. "ಭಾಳ ಜ್ವಾಕಿ ಮಾಡತಿ ಬಿಡು" ಅಂದಳು.

ಮರುದಿನ ಅವಳಿಗೆ ಮೊದಲ ರಜೆ. ಸಭೆ ಇದ್ದದ್ದು ಮಧ್ಯಾಹ್ನ, ತೆಲುಗಿನವರ ಆರಾಧನೆ ಮುಗಿದ ಮೇಲೆ ಅದೇ ಹಾಲಿನಲ್ಲಿ. ಬೆಳಿಗ್ಗೆ ಅಕ್ಕ ತಲೆ ಬಾಚಿಕೊಂಡು, ಕೂಸನ್ನು ನೋಡಿ ಬರೋಣ ಬಾ ಎಂದು ನನ್ನನ್ನೂ ಕರೆದಳು. ಹೊಟ್ಟೆ ನೋಯುತ್ತದೆ ಎಂದೆ. ಅವಳು ಹೋದಳು. ಸ್ವಲ್ಪ ಹೊತ್ತಿಗೆ ಮೋರಿಯ ಆಚೆಯಿಂದ ಅವಳು ಅಪ್ಪನನ್ನು ಕೂಗಿದ್ದು ಕೇಳಿಸಿತು. ಅಪ್ಪ ಓಡಿದ, ಅವ್ವ ಓಡಿದಳು, ನಾನು ಹಿಂದೆ ಹೋದೆ. ಸುಶೀಲಕ್ಕ ಜ್ವರದಲ್ಲಿ ಬಿದ್ದಿದ್ದಳು. ಅವಳ ಪಕ್ಕದಲ್ಲಿ ಕೂಸು ಅರಿಶಿಣ ಬಳಿದಂತೆ ಹಳದಿ ಆಗಿತ್ತು, ಅಳುತ್ತಿರಲಿಲ್ಲ. ಅಪ್ಪ ಸುಶೀಲಕ್ಕನನ್ನು ಎತ್ತಿಕೊಂಡ, ಅಕ್ಕ ಕೂಸನ್ನು ಎತ್ತಿಕೊಂಡಳು. ನಾನು ಬಾಗಿಲಲ್ಲಿ ನಿಂತಿದ್ದೆ. ಬಾಗಿಲ ಒಳಮಗ್ಗುಲಿಗೆ, ಹೊರಗಿನಿಂದ ಕೈ ಹಾಕಿದರೆ ಸಿಗುವಷ್ಟು ಹತ್ತಿರ, ಒಂದು ಹಸಿರು ಡಬ್ಬಿ ಇತ್ತು. ಬಣ್ಣದ ಡಬ್ಬಿ, ತೊಳೆದು ಇಟ್ಟದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕಿ. ಒಂದು ವಾರದ್ದಲ್ಲ, ಎರಡು ವಾರದ್ದೂ ಅಲ್ಲ. ಅಕ್ಕ ಕೂಸನ್ನು ಹಿಡಿದು ಹೊರಗೆ ಬರುವಾಗ ಆ ಡಬ್ಬಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಕಾಲು ಮೊಣಕಾಲವರೆಗೆ ಬೂದಿ ಕೆಸರಾಗಿತ್ತು.

ಆಟೋದಲ್ಲಿ ನಾನು ಹೋಗಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಇಬ್ಬರನ್ನೂ ಸೇರಿಸಿಕೊಂಡರಂತೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನರ್ಸಮ್ಮ ತೆಲುಗಿನಲ್ಲಿ ಕೇಳಿದಳಂತೆ, ಅಪ್ಪ ಅದನ್ನು ಮನೆಯಲ್ಲಿ ಎರಡು ಸಲ ಹೇಳಿದ. ಮಂಗಳವಾರ ಕೂಸು ತೀರಿಕೊಂಡಿತು. ಇನ್ನೂ ಹೆಸರಿಟ್ಟಿರಲಿಲ್ಲ. ಸುಶೀಲಕ್ಕ ಬದುಕಿದಳು. ಯೋಹಾನ ಶಂಶಾಬಾದಿನಿಂದ ಬಂದು ಅವಳನ್ನು ಕರೆದುಕೊಂಡು ಹೋದ. ಶೆಡ್ಡಿಗೆ ಬೀಗವನ್ನೂ ಹಾಕಲಿಲ್ಲ. ಆ ವಾರ ನಾನು ಊಟ ಮಾಡಿದೆ, ನಿದ್ದೆ ಮಾಡಿದೆ, ಟ್ಯಾಂಕರಿಗೆ ಕೊಡ ಇಟ್ಟೆ. ನನಗೆ ಅಳು ಬರಲಿಲ್ಲ. ಬೂಟುಗಳನ್ನು ಗೋಣಿಚೀಲದ ಕೆಳಗೆ ತುರುಕಿ ಬರಿಗಾಲಲ್ಲಿ ಓಡಾಡಿದೆ.

ಮುಂದಿನ ಭಾನುವಾರ ಅಕ್ಕ ಅರ್ಧ ದಿನ ಕೇಳಿಕೊಂಡು ಸಭೆಗೆ ಬಂದಳು. ಆರಾಧನೆ ಮುಗಿದ ಮೇಲೆ ಹಿರಿಯರು ಎಲ್ಲರನ್ನೂ ಕೂರಿಸಿದರು. ಅಯ್ಯಗಾರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು.

"ನಮ್ಮ ಚೀಲ ಪ್ರತಿ ವಾರ ತುಂಬಿ ಬಂದೈತಿ. ಆದ್ರ ಯಾರಿಗಂತ ತುಂಬಿಸಿದ್ವೋ ಆ ಮನಿ ನಮಗ ಕಾಣಲಿಲ್ಲ. ಆ ಸಾಲು ಯಾರು ನೋಡಬೇಕಿತ್ತು?"

ನನ್ನ ಕೈ ಚಾಪೆಯ ಅಂಚನ್ನು ಹಿಡಿದುಕೊಂಡಿತ್ತು. ಏಳಬೇಕೆಂದು ಅನ್ನಿಸಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಚಾಪೆಯ ಒಂದು ಎಳೆ ಬಿಚ್ಚಿದ್ದು, ಅದನ್ನು ನಾನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದದ್ದು ಮಾತ್ರ ನೆನಪಿದೆ. ಅಕ್ಕ ಎದ್ದು ನಿಂತಳು.

"ನಾ ನೋಡಬೇಕಿತ್ರೀ. ಚೀಲ ನನ್ನ ಕೈಯಾಗ ಕೊಟ್ಟಿದ್ರಿ. ನಾ ನೋಡಲಿಲ್ಲ. ತಪ್ಪು ನಂದ."

"ಚೀಲ ಹುಡುಗನ ಕೈಯಾಗಿತ್ತಲ್ಲವಾ?" ಎಂದು ಅಯ್ಯಗಾರು ಕೇಳಿದರು.

"ಅವನ ಕೈಯಾಗ ನಾ ಕೊಟ್ಟೆ. ನಿಮ್ಮನ್ನ ಕೇಳಲಿಲ್ಲ. ಅದೂ ನನ್ನ ತಪ್ಪರೀ."

"ಕಂಪನಿ ಕೆಲಸ ಸಿಕ್ಕತಲ್ಲ" ಎಂದಳು ತಾರಮ್ಮ ಹೆಂಗಸರ ಸಾಲಿನಿಂದ. "ಕೊರಳಾಗ ಪಟ್ಟಿ ಬಿದ್ದ ಮ್ಯಾಲ ದೇವರ ಕೆಲಸ ಯಾರಿಗೆ ಬೇಕಾಗೈತಿ."

ಅಕ್ಕ ಅದಕ್ಕೂ ತಲೆ ಆಡಿಸಿದಳು. ಚೀಲವನ್ನು ಅವಳಿಂದ ತೆಗೆದು ತಾರಮ್ಮನಿಗೆ ಕೊಟ್ಟರು. ಸಭೆಯಲ್ಲಿ ಅವಳು ಸತ್ಯವೇದ ಓದುತ್ತಿದ್ದುದನ್ನೂ ಸ್ವಲ್ಪ ದಿನ ಬಿಡು ಎಂದರು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಅವಳನ್ನು ಬೈದ. ಇಡೀ ಸಭೆಯಲ್ಲಿ ನಮ್ಮ ಮನೆತನದ ಮರ್ಯಾದೆ ಕಳೆದೆ ಎಂದ. ಅವಳು ಬೈಸಿಕೊಂಡಳು. ನಾನು ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಸಂಜೆ ಹೆಲ್ಮೆಟ್ಟು ಇಳಿಸಿದರು, ಅವಳು ಓದಿದಳು, ಅಪ್ಪ ಅಜ್ಜಿಯಿಂದ ಹೊರಟು ಮೇಸ್ತ್ರಿಯ ಹತ್ತಿರ ತೂಕಡಿಸಿದ. ಅಕ್ಕ ಆ ಮಾತನ್ನು ಹಿಡಿದು ಮುಗಿಸಿದಳು. ಕೊನೆಯಲ್ಲಿ ಸುಶೀಲಕ್ಕನ ಹೆಸರು ಸೇರಿಸಿದಳು. ನನ್ನ ಹೆಸರನ್ನೂ ಸೇರಿಸಿದಳು, ದಿನಾ ಸೇರಿಸುವ ಹಾಗೆಯೇ.

ಆಮೇಲೆ ಅವಳ ಕೈಯಲ್ಲಿ ಯಾವ ಚೀಲವೂ ಇರಲಿಲ್ಲ. ಆದರೂ ವಾರಕ್ಕೊಂದು ರಜೆ ಸಿಗತೊಡಗಿದ ಮೇಲೆ ಅದೇ ಬಾಗಿಲುಗಳಿಗೆ ಹೋಗುತ್ತಿದ್ದಳು. ಬರಿಗೈಯಲ್ಲಿ ಹೋಗಿ ನೀರು ಕೇಳುತ್ತಿದ್ದಳು. ತಾರಮ್ಮ ಶನಿವಾರ ಅಕ್ಕಿ ತೆಗೆದುಕೊಂಡು ಹೋದರೆ, ಅಕ್ಕ ಭಾನುವಾರ ಸಂಜೆ ಬರುತ್ತಾಳೆ ಎಂದು ಹೆಂಗಸರು ಲೋಟ ತೊಳೆದಿಡುತ್ತಿದ್ದರು. ಯಾರಿಗಾದರೂ ಹೆರಿಗೆ ನೋವು ಬಂದರೆ, ಗಂಡ ಹೊಡೆದರೆ, ಊರಿಂದ ಸಾವಿನ ಸುದ್ದಿ ಬಂದರೆ ಮೊದಲು ನಮ್ಮ ತಗಡನ್ನು ಬಡಿಯುತ್ತಿದ್ದರು. ಎರಡು ವರ್ಷದ ಮೇಲೆ ತಾರಮ್ಮನಿಗೇ ಎದೆಯಲ್ಲಿ ಗಂಟಾದಾಗ ಅವಳು ಗಂಡನಿಗೆ ಹೇಳುವ ಮೊದಲು ಅಕ್ಕನಿಗೆ ಹೇಳಿದಳು. ಅವಳನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಅಕ್ಕನೇ. ಯಾರೂ ಅವಳಿಗೆ ಯಾವ ಪದವಿಯನ್ನೂ ಕೊಡಲಿಲ್ಲ. ಪದವಿ ಸಿಕ್ಕದ್ದು ನನಗೆ. ನನ್ನ ಧ್ವನಿ ಚೆನ್ನಾಗಿತ್ತು, ಕೇಳಿದ್ದು ನೆನಪಿನಲ್ಲಿ ಉಳಿಯುತ್ತಿತ್ತು. ಹಾಡು ಎತ್ತಿಕೊಡುವುದರಿಂದ ಶುರುವಾಗಿ, ಮನೆಕೂಟಗಳಲ್ಲಿ ಪ್ರಾರ್ಥನೆ, ಆಮೇಲೆ ಸಂದೇಶ ಕೊಡುವುದು. ಅಪ್ಪನ ಹಾಗೆ ಗೌಂಡಿಯಾಗಿ ಕೆಲಸ ಮಾಡುತ್ತ ಭಾನುವಾರ ಬಿಳಿ ಅಂಗಿ ಹಾಕಿ ನಿಲ್ಲುತ್ತಿದ್ದೆ. ನೆರೆಯವರನ್ನು ಪ್ರೀತಿಸುವ ವಿಷಯದಲ್ಲಿ ನಾನು ಮಾತಾಡಿದರೆ ಜನ ಅಳುತ್ತಿದ್ದರು. ನನಗೆ ಮಾತ್ರ ಒಳಗೆ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳಿಸಲು ಸೂಜಿ ಕೊಟ್ಟ ದವಡೆಯ ಹಾಗೆ, ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿತ್ತು, ಅಷ್ಟೇ.

ಅಪ್ಪ ಅವ್ವ ಇಬ್ಬರೂ ಈಗ ಇಲ್ಲ. ಅಕ್ಕ ಮದುವೆಯಾಗಿ ಕುಷಾಯಿಗೂಡದಲ್ಲಿದ್ದಾಳೆ. ಎರಡು ಕೋಣೆಯ ಬಾಡಿಗೆ ಮನೆ, ಅಲ್ಲಿಯೂ ಹೆಂಗಸರು ಬಂದು ಹೋಗುವುದು ತಪ್ಪಿಲ್ಲ. ಹೋದ ವರ್ಷ ನಮ್ಮ ಸಭೆಯವರು ನನ್ನನ್ನು ಹಿರಿಯನನ್ನಾಗಿ ಆರಿಸಿದರು. ಆ ಸುದ್ದಿ ಹೇಳಲು ಅಕ್ಕನ ಮನೆಗೆ ಹೋದೆ. ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಸುದ್ದಿ ಕೇಳಿ "ಚೊಲೋ ಆತು" ಅಂದಳು. ಅವಳ ಬೆರಳು ಅಕ್ಕಿಯಲ್ಲಿ ಓಡಾಡುವುದನ್ನು ನೋಡುತ್ತ ಕೂತಿದ್ದೆ. ನಾನು ಯೋಚಿಸಿಕೊಂಡು ಹೋದ ಮಾತಲ್ಲ ಅದು, ಬಂದುಬಿಟ್ಟಿತು.

"ಅಕ್ಕಾ, ಆ ಹಸಿರು ಡಬ್ಬಿ ನೀ ನೋಡಿದ್ದಿ."

"ನೋಡಿದ್ದೆ."

"ಮತ್ತ ಸಭಾದಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನಗ ಹದಿನಾಲ್ಕು ವರ್ಷಕ್ಕ ಕೂಸು ಕೊಂದಾಂವ ಅಂತ ಹೆಸರು ಬೀಳತಿತ್ತು. ನನಗಾದ್ರ ಸೋಮಾರಿ ಅಂದ್ರು, ಅಷ್ಟ. ನನಗ ತಡಕೊಳ್ಳಾಕ ಬರತಿತ್ತು." ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಆದ್ರ ನಾನೂ ಒಂದು ತಪ್ಪು ಮಾಡಿದೆ ದಾವ್ಯಾ. ನೀನ ಬಂದು ಹೇಳತಿ ಅಂತ ಕಾದೆ. ಈ ವಾರ ಹೇಳತಾನ, ಮುಂದಿನ ವಾರ ಹೇಳತಾನ ಅಂತ. ಕೇಳಬೇಕಿತ್ತು, ಕೇಳಲಿಲ್ಲ. ಹಂಗ ನೀ ಒಣಗಿಬಿಟ್ಟಿ."

"ಅಕ್ಕಾ, ನನ್ನ..."

"ತಡಿ. ನನ್ನ ಮುಂದ ಹೇಳಬ್ಯಾಡ. ನಾ ನಿಮ್ಮಕ್ಕ, ನನಗ ಹೇಳೂದು ಸೋವಿ, ಅದಕ್ಕ ಬೆಲಿ ಇಲ್ಲ. ಸುಶೀಲಾ ಶಂಶಾಬಾದಿನಾಗ ಅದಾಳ. ತಿಂಗಳಿಗೊಮ್ಮಿ ನಾ ಹೋಗತೀನಿ, ನೀರು ಕುಡದು ಬರತೀನಿ. ಈ ಸಲ ನೀ ಹೋಗು. ಅಲ್ಲಿ ಹೇಳಿ ಬಂದು ಆಮ್ಯಾಲ ಹಿರಿಯಾ ಆಗು."

ಇಷ್ಟು ವರ್ಷ ಅವಳು ಅಲ್ಲಿಗೆ ಹೋಗುತ್ತಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ದಾರಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ದುಂಡಗಿನ ಅಕ್ಷರ, ತಗಡಿನ ಮೇಲೆ ಬರೆಯುತ್ತಿದ್ದ ಹಾಗೆಯೇ.

ಶನಿವಾರ ಹೋದೆ. ಹೆದ್ದಾರಿಯಿಂದ ಒಳಗೆ, ಹೊಸದಾಗಿ ಎದ್ದ ಮನೆಗಳ ಹಿಂದಿನ ಗಲ್ಲಿ. ತಲೆಯ ಮೇಲೆ ವಿಮಾನಗಳು ಬಹಳ ಕೆಳಗೆ ಹಾರುತ್ತಿದ್ದವು. ಬಾಗಿಲು ತಟ್ಟಿದೆ. ಅರ್ಧ ತಲೆ ನರೆತ ಹೆಂಗಸು ಬಂದು, "ಎವರು ಕಾವಾಲಂಡಿ?" ಎಂದಳು, ಯಾರು ಬೇಕು ಎಂದು ತೆಲುಗಿನಲ್ಲಿ.

"ನಾ ದಾವೀದ್ರೀ. ಎಸ್ತೇರಕ್ಕನ ತಮ್ಮ. ಲಿಂಗಂಪಲ್ಲಿ ಶೆಡ್ಡಿನಾಗ ಇದ್ವಿ."

ಅವಳು ನನ್ನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು.

"ಹಿಡಿ ಅಕ್ಕಿ ಹುಡುಗ" ಅಂದಳು. "ನೀ ಕೂಗೂದು ಕೇಳತಿತ್ತಪ್ಪ. ಮೊದಲನೇ ವಾರ ಇಲ್ಲ ಅಂದಿದ್ನಲ್ಲ, ಅದಕ್ಕ ದಿನಾ ಒಂದು ಹಿಡಿ ತಗದು ಬಾಗಲ ಹತ್ರ ಇಟ್ಟಿದ್ದೆ. ಏಳಾಕ ಆಗತಿರಲಿಲ್ಲ. ಕೈ ಹಾಕಿ ಸುರುವಿಕೊಂಡು ಹೋಗತಾನ, ಆವಾಗ ಒಂದು ಮಾತು ಹೇಳಿ ಕಳಸೋಣು, ಅಕ್ಕನ್ನ ಕಳಸು ಅಂತ, ಅನಕೊಂಡಿದ್ದೆ. ನೀ ಕೂಗತಿದ್ದಿ. ಆಮ್ಯಾಲ ಸಪ್ಪಳ ಆಕಡೆ ಹೋಗತಿತ್ತು."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಬಾ ಎಂದಳು. ನಾನು ಒಳಗೆ ಹೋಗದೆ ಬಾಗಿಲಲ್ಲೇ, ಹೊಸ್ತಿಲ ಹೊರಗೆ ನೆಲದ ಮೇಲೆ ಕೂತೆ. ಕುಡಿಯಲು ನೀರು ಕೊಡಿ ಎಂದೆ. ಅವಳು ಸ್ಟೀಲ್ ಲೋಟದಲ್ಲಿ ತಂದುಕೊಟ್ಟಳು. ಪೂರ್ತಿ ಕುಡಿದೆ, ಲೋಟವನ್ನು ಕೆಳಗಿಟ್ಟೆ. ಸಭೆಯಲ್ಲಿ ನಿಂತರೆ ತಾಸುಗಟ್ಟಲೆ ಬರುವ ಮಾತುಗಳು ಅಲ್ಲಿ ಒಂದೊಂದಾಗಿ ಬಂದವು.

"ಸುಶೀಲಕ್ಕಾ, ಆ ಮೂರು ಶನಿವಾರ ನಾ ನಿಮ್ಮ ಮನಿಗೆ ಬರಲಿಲ್ಲರೀ. ಬೂಟು ಹೊಲಸಾಗತಾವಂತ ಬರಲಿಲ್ಲ. ಮೋರಿ ಆಕಡೆ ನಿಂತು ಕೂಗಿ ಹೋದೆ. ಹೋಗಿದ್ದೆ, ನೀರು ಕುಡದೆ ಅಂತ ಅಕ್ಕಗ ಸುಳ್ಳು ಹೇಳಿದೆ. ಅಕ್ಕಂದು ತಪ್ಪಿರಲಿಲ್ಲ. ತಪ್ಪು ನಂದ್ರೀ. ನಿಮ್ಮ ಕೂಸಿಗೂ ನಿಮಗೂ ನಾ ತಪ್ಪು ಮಾಡೀನಿ. ನನ್ನ ಕ್ಷಮಾ ಮಾಡ್ರಿ."